ಮೊದಲು ಮನೆ ಹತ್ತಿರದ ಕೆರೆ, ಆಮೇಲೆ ವಿಮಾನ: ಹಕ್ಕಿ ನೋಡುವುದನ್ನು ಕಲಿಯುವ ಬಗೆ

ಮೈಸೂರಿನ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಬೆಳಿಗ್ಗೆ ಬೈನಾಕ್ಯುಲರ್ ಹಿಡಿದು ನಿಂತರೆ ದಿನಕ್ಕೆ ಒಬ್ಬರಾದರೂ ಬಂದು ಕೇಳುತ್ತಾರೆ. "ಮೇಡಂ, ಏನ್ ನೋಡ್ತಾ ಇದ್ದೀರಾ?" ನಾನು ಬೈನಾಕ್ಯುಲರನ್ನು ಅವರ ಕೈಗೇ ಕೊಡುತ್ತೇನೆ. ಒಣಕೊಂಬೆ ಮೇಲೆ ರೆಕ್ಕೆ ಹರಡಿಕೊಂಡು ಕೂತ ಹಾವಕ್ಕಿಯನ್ನು ತೋರಿಸುತ್ತೇನೆ. ಅದರ ಪುಕ್ಕ ಬಾತುಕೋಳಿಯ ಪುಕ್ಕದ ಹಾಗೆ ನೀರನ್ನು ತಡೆಯುವುದಿಲ್ಲ, ನೆನೆಯುತ್ತದೆ. ನೆನೆದರೆ ಮುಳುಗುವುದು ಸಲೀಸು. ಮೀನು ಹಿಡಿದು ಮೇಲೆ ಬಂದ ಮೇಲೆ ಮಾತ್ರ ನಾವು ಬಟ್ಟೆ ಹರವುವ ಹಾಗೆ ರೆಕ್ಕೆ ಹರವಿ ಒಣಗಿಸಿಕೊಳ್ಳಬೇಕು. ಇಷ್ಟು ಹೇಳುವಷ್ಟರಲ್ಲಿ ಅವರ ಮುಖ ನೋಡಬೇಕು ನೀವು. ಹತ್ತು ವರ್ಷ ಇದೇ ಕೆರೆ ಸುತ್ತಿದವರು, ಆ ಹಕ್ಕಿಯನ್ನು ಅವತ್ತೇ ಮೊದಲು ನೋಡಿರುತ್ತಾರೆ.

ಅದಾದ ಮೇಲೆ ಬರುವುದು ಎರಡು ಪ್ರಶ್ನೆ. ಒಂದು, "ಯಾವ ಕ್ಯಾಮೆರಾ ತಗೊಳ್ಳಲಿ?" ಇನ್ನೊಂದು, "ಮುಂದಿನ ತಿಂಗಳು ಮಗಳ ಮನೆಗೆ ಸಿಂಗಾಪುರಕ್ಕೆ ಹೋಗ್ತೀವಿ, ಅಲ್ಲಿ ಎಲ್ಲಿ ನೋಡ್ಬೇಕು?" ಏರಿ ಮೇಲೆ ನಿಂತು ಐದು ನಿಮಿಷದಲ್ಲಿ ಹೇಳಲಾಗದ ಉತ್ತರವನ್ನು ಇಲ್ಲಿ ಬರೆದಿದ್ದೇನೆ. ನಾನು ಹೈಸ್ಕೂಲಿನಲ್ಲಿ ಗಣಿತ ಪಾಠ ಮಾಡಿ ನಿವೃತ್ತಳಾದವಳು. ಮನೆ ಸರಸ್ವತಿಪುರಂ. ಹದಿನಾಲ್ಕು ವರ್ಷದಿಂದ ಹಕ್ಕಿ ನೋಡುತ್ತಿದ್ದೇನೆ. ಹೊರದೇಶಕ್ಕೆ ಹೋಗಿರುವುದು ಎರಡೇ ಕಡೆ, ಶ್ರೀಲಂಕಾ ಮತ್ತು ಸಿಂಗಾಪುರ. ಹಾಗಾಗಿ ಆಫ್ರಿಕಾ, ಅಮೆರಿಕದ ಮಾತು ನನ್ನಿಂದ ಬೇಡ. ಗೊತ್ತಿರುವುದನ್ನು ಹೇಳುತ್ತೇನೆ.

ಒಂದು ಕೆರೆ ಹಿಡಿಯಿರಿ

ಮನೆಯಿಂದ ನಡೆದು ಹೋಗುವಷ್ಟು ದೂರದಲ್ಲಿ ಒಂದು ಜಾಗ ಆರಿಸಿ. ಕೆರೆ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಪಾರ್ಕ್, ಕಾಲೇಜಿನ ಆವರಣ, ಊರಾಚೆಯ ಹೊಲ, ಯಾವುದಾದರೂ ಆದೀತು. ಒಂದು ವರ್ಷ ಅದೇ ಜಾಗಕ್ಕೆ ಹೋಗಿ. ವಾರಕ್ಕೆ ಎರಡು ದಿನ ಸಾಕು. ಆದರೆ ಹೊತ್ತು ಹುಟ್ಟುವ ಮೊದಲು ಅಲ್ಲಿರಬೇಕು. ಎಂಟೂವರೆ ದಾಟಿದರೆ ಹಕ್ಕಿಗಳ ಸದ್ದು ಅರ್ಧಕ್ಕರ್ಧ ಇಳಿದಿರುತ್ತದೆ.

ಒಂದೇ ಜಾಗ ಯಾಕೆ ಅಂದರೆ, ಬದಲಾವಣೆ ಕಾಣುವುದು ಅಲ್ಲೇ. ಮಳೆಗಾಲ ಮುಗಿಯುತ್ತ ಬಂದಾಗ, ಸೆಪ್ಟೆಂಬರಿನ ಒಂದು ಬೆಳಿಗ್ಗೆ, ತೂಬಿನ ಹತ್ತಿರ ಹಳದಿ ಹೊಟ್ಟೆಯ ಸಣ್ಣ ಹಕ್ಕಿಯೊಂದು ಬಾಲ ಕುಣಿಸುತ್ತ ಓಡಾಡುತ್ತಿರುತ್ತದೆ. ಬೂದು ಸಿಪಿಲೆ. ಹಿಂದಿನ ಸಲ ಅದು ಅಲ್ಲಿರಲಿಲ್ಲ ಅನ್ನುವುದು ತಪ್ಪದೆ ಹೋಗುವವರಿಗೆ ಮಾತ್ರ ಗೊತ್ತು. ಹಿಮಾಲಯದ ಕಡೆಯಿಂದ ಬಂದ ಅತಿಥಿ ಅದು. ಅದರ ಹಿಂದೆಯೇ ನೀಲಿಬಾಲದ ಕಳ್ಳಿಪೀರಗಳು, ಚಳಿಗಾಲದ ಬಾತುಗಳು, ಕೆಸರಲ್ಲಿ ಓಡಾಡುವ ಗದ್ದೆಗೊರವಗಳು ಬರುತ್ತವೆ. ಈ ಬಂದವರು ಹೋದವರ ಲೆಕ್ಕ ಒಂದು ವರ್ಷ ಇಟ್ಟರೆ ಹಕ್ಕಿ ನೋಡುವುದು ಮೈಗೆ ಹತ್ತುತ್ತದೆ.

ಮೊದಲ ಮೂರು ತಿಂಗಳು ಐವತ್ತು ಹಕ್ಕಿ ಕಲಿತರೆ ಸಾಕು, ಜಾಸ್ತಿ ಬೇಡ. ಆದರೆ ಚೆನ್ನಾಗಿ ಕಲಿಯಿರಿ. ಗಂಡು, ಹೆಣ್ಣು, ಮರಿ, ಹಾರುವ ರೀತಿ, ಕೂಗು. ಕುಟುರ ಕಾಣದಿದ್ದರೂ "ಕುಟ್ರೂ ಕುಟ್ರೂ" ಕೇಳಿ ಎಲೆ ಮರೆಯಲ್ಲಿ ಎಲ್ಲಿದೆ ಅಂತ ಹೇಳುವಂತಾಗಬೇಕು. ಕಂಚುಗಾರ ಹಕ್ಕಿಯ "ಟಂಕ್ ಟಂಕ್" ದೂರದ ಪಾತ್ರೆ ಕೆಲಸದ ಸದ್ದಲ್ಲ ಅಂತ ಗೊತ್ತಾಗಬೇಕು. ಕಾಜಾಣ ಬಿಜ್ಜು ಹದ್ದಿನ ಕೂಗನ್ನು ಅಣಕಿಸುತ್ತದೆ. ಅದಕ್ಕೆ ಮೋಸ ಹೋಗದ ಕಿವಿ ಬರಲು ನನಗೆ ಎರಡು ವರ್ಷ ಬೇಕಾಯಿತು.

ಗೊತ್ತಿಲ್ಲದ ಹಕ್ಕಿ ಕಂಡರೆ ತಕ್ಷಣ ಪುಸ್ತಕಕ್ಕೋ ಫೋನಿಗೋ ಕೈ ಹಾಕಬೇಡಿ. ನೀವು ಪುಟ ತಿರುಗಿಸುವಷ್ಟರಲ್ಲಿ ಅದು ಹಾರಿರುತ್ತದೆ. ಇರುವಷ್ಟು ಹೊತ್ತು ಅದನ್ನೇ ನೋಡಿ. ನಾನು ಮನಸ್ಸಿನಲ್ಲೇ ಕೇಳಿಕೊಳ್ಳುವುದು ಇಷ್ಟು: ಗುಬ್ಬಚ್ಚಿಗಿಂತ ಚಿಕ್ಕದಾ, ಗೊರವಂಕದಷ್ಟಾ, ಕಾಗೆಗಿಂತ ದೊಡ್ಡದಾ? ಕೊಕ್ಕು ಸಣ್ಣದಾ, ದಪ್ಪವಾ, ಬಾಗಿದೆಯಾ? ಕಾಲು ಯಾವ ಬಣ್ಣ? ಕಣ್ಣಿನ ಮೇಲೆ ಗೀಟು ಇದೆಯಾ? ನೆಲದಲ್ಲಿ ಓಡುತ್ತದಾ, ಕುಪ್ಪಳಿಸುತ್ತದಾ? ಮೈಬಣ್ಣ ಕೊನೆಗೆ. ಬೆಳಕು ಎದುರಿಗಿದ್ದರೆ ಎಲ್ಲ ಹಕ್ಕಿಯೂ ಕಪ್ಪೇ. ಆಮೇಲೆ ಅಂಗೈಯಗಲದ ನೋಟ್‌ಬುಕ್ಕಿನಲ್ಲಿ ಬರೆಯಿರಿ, ಒಂದು ಓರೆಕೋರೆ ಚಿತ್ರ ಬಿಡಿಸಿ. ಚಿತ್ರ ಚೆನ್ನಾಗಿ ಬರಬೇಕಿಲ್ಲ. ಬಿಡಿಸಲು ಕೂತಾಗ "ಅಯ್ಯೋ, ಬಾಲದ ಅಡಿ ನೋಡಲೇ ಇಲ್ಲ" ಅಂತ ಗೊತ್ತಾಗುತ್ತದಲ್ಲ, ಅದೇ ಲಾಭ. ಮುಂದಿನ ಸಲ ಕಣ್ಣು ತಾನಾಗಿ ಬಾಲದ ಅಡಿಗೆ ಹೋಗುತ್ತದೆ.

ಫೋನಿನಲ್ಲಿ ಎರಡು ಆ್ಯಪ್ ಇರಲಿ, ಮರ್ಲಿನ್ ಮತ್ತು ಇಬರ್ಡ್. ಎರಡೂ ಅಮೆರಿಕದ ಕಾರ್ನೆಲ್ ಸಂಸ್ಥೆಯವು, ಎರಡೂ ಉಚಿತ. ಮರ್ಲಿನ್ ಹಕ್ಕಿಯ ಕೂಗು ಕೇಳಿಸಿಕೊಂಡು ಹೆಸರು ಹೇಳುತ್ತದೆ. ಆದರೆ ಅದು ಹೇಳಿದ್ದನ್ನು ಕಣ್ಣಾರೆ ನೋಡದೆ ಬರೆದುಕೊಳ್ಳಬೇಡಿ. ಕಾಜಾಣದ ಅಣಕಕ್ಕೆ ಅದೂ ಮೋಸ ಹೋಗುತ್ತದೆ. ಇಬರ್ಡಿನಲ್ಲಿ ನೀವು ಕಂಡ ಹಕ್ಕಿಗಳ ಪಟ್ಟಿಯನ್ನು ಎಣಿಕೆ ಸಮೇತ ಹಾಕಬಹುದು. ಪ್ರತಿ ಫೆಬ್ರುವರಿಯಲ್ಲಿ ನಾಲ್ಕು ದಿನ ಜಗತ್ತಿನಾದ್ಯಂತ ಹಿತ್ತಲ ಹಕ್ಕಿಗಳ ಎಣಿಕೆ ನಡೆಯುತ್ತದೆ. ಹದಿನೈದು ನಿಮಿಷ ಒಂದು ಕಡೆ ನಿಂತು ಎಣಿಸಿ ಹಾಕಿದರೂ ಸಾಕು. ಹೊಸಬರು ಪಟ್ಟಿ ಹಾಕಲು ಶುರು ಮಾಡುವುದಕ್ಕೆ ಅದಕ್ಕಿಂತ ಒಳ್ಳೆಯ ಹೊತ್ತಿಲ್ಲ.

ಬೈನಾಕ್ಯುಲರ್ ಲೆಕ್ಕ

ಕ್ಯಾಮೆರಾ ಬೇಡ ಅಂತಲ್ಲ, ಮೊದಲ ವರ್ಷ ಬೇಡ. ಕ್ಯಾಮೆರಾ ಕೈಗೆ ಬಂದರೆ ಹಕ್ಕಿ ಏನು ಮಾಡುತ್ತಿದೆ ಅನ್ನುವುದು ಹಿಂದೆ ಬೀಳುತ್ತದೆ, ಫೋಟೊ ಶಾರ್ಪ್ ಬಂತಾ ಅನ್ನುವುದು ಮುಂದೆ ಬರುತ್ತದೆ. ಅದೇ ದುಡ್ಡಿನ ಕಾಲುಭಾಗದಲ್ಲಿ ಒಳ್ಳೆಯ ಬೈನಾಕ್ಯುಲರ್ ಸಿಗುತ್ತದೆ. ಎಂಟು-ಹತ್ತು ಸಾವಿರದ್ದು ಬಹಳ ವರ್ಷ ಬಾಳುತ್ತದೆ.

ಅದರ ಮೇಲೆ 8×42 ಅಂತ ಬರೆದಿರುತ್ತದೆ. 8 ಅಂದರೆ ಎಂಟು ಪಟ್ಟು ಹತ್ತಿರ. 42 ಅಂದರೆ ಮುಂದಿನ ಗಾಜಿನ ಅಗಲ, ಮಿಲಿಮೀಟರಿನಲ್ಲಿ. ಈಗ 42ನ್ನು 8ರಿಂದ ಭಾಗಿಸಿ, 5.25 ಬರುತ್ತದೆ. ನಿಮ್ಮ ಕಣ್ಣಿಗೆ ಬಂದು ಬೀಳುವ ಬೆಳಕಿನ ಕಂಬದ ಅಗಲ ಅಷ್ಟು ಮಿಲಿಮೀಟರು. ಅಂಗಡಿಯವರು "ಇದು ಪವರ್ ಜಾಸ್ತಿ, ಜೇಬಲ್ಲೂ ಹಿಡಿಸುತ್ತೆ" ಅಂತ 10×25 ತೋರಿಸುತ್ತಾರೆ. ಭಾಗಿಸಿ ನೋಡಿ, ಎರಡೂವರೆ ಮಿಲಿಮೀಟರು. ನಡು ಮಧ್ಯಾಹ್ನ ವ್ಯತ್ಯಾಸ ಕಾಣುವುದಿಲ್ಲ. ಬೆಳಗಿನ ಆರು ಗಂಟೆಗೆ, ಕಾಡಿನ ನೆರಳಲ್ಲಿ, ಒಂದರಲ್ಲಿ ಹಕ್ಕಿ ಕಾಣುತ್ತದೆ, ಇನ್ನೊಂದರಲ್ಲಿ ಹಕ್ಕಿಯ ನೆರಳು ಕಾಣುತ್ತದೆ. ಹತ್ತು ಪಟ್ಟಿನದಕ್ಕೆ ಕೈ ನಡುಕವೂ ಹತ್ತು ಪಟ್ಟು. ನನ್ನ ವಯಸ್ಸಿನವರಿಗೆ ಎಂಟೇ ಸರಿ.

ಕೊಂಡ ದಿನ ಮನೆಯಲ್ಲೇ ಒಂದು ಕೆಲಸ ಮಾಡಿ. ದೂರದ ಗೋಡೆಯ ಮೇಲೆ ಕ್ಯಾಲೆಂಡರ್ ತೂಗು ಹಾಕಿ. ಬಲಗಡೆ ಗಾಜನ್ನು ಮುಚ್ಚಿ, ಎಡಗಣ್ಣಿನಿಂದ ನೋಡುತ್ತ ನಡುವಿನ ಗಾಲಿ ತಿರುಗಿಸಿ ತಾರೀಕು ಸ್ಪಷ್ಟ ಮಾಡಿಕೊಳ್ಳಿ. ಈಗ ಎಡಗಡೆ ಮುಚ್ಚಿ. ನಡುವಿನ ಗಾಲಿ ಮುಟ್ಟಬೇಡಿ. ಬಲಗಡೆ ಕಣ್ಣಿನ ಹತ್ತಿರ ಇನ್ನೊಂದು ಬಳೆ ಇರುತ್ತದೆ, ಅದನ್ನು ಮಾತ್ರ ತಿರುಗಿಸಿ ಅದೇ ತಾರೀಕು ಸ್ಪಷ್ಟ ಮಾಡಿ. ಅಷ್ಟೇ. ನಮ್ಮ ಎರಡು ಕಣ್ಣಿನ ಪವರ್ ಒಂದೇ ಇರುವುದಿಲ್ಲ, ಅದನ್ನು ಸರಿದೂಗಿಸುವ ಬಳೆ ಅದು. ಆ ಜಾಗಕ್ಕೆ ಒಂದು ಚುಕ್ಕೆ ಬಿಳಿ ಪೇಂಟ್ ಇಡಿ. "ಬೈನಾಕ್ಯುಲರಲ್ಲಿ ನೋಡಿದ್ರೆ ತಲೆನೋವು ಬರುತ್ತೆ" ಅನ್ನುವವರಲ್ಲಿ ಹೆಚ್ಚಿನವರು ಇದನ್ನು ಮಾಡಿಕೊಂಡಿರುವುದಿಲ್ಲ. ಕನ್ನಡಕದವರು ಕಣ್ಣಿನ ಬಟ್ಟಲನ್ನು ಒಳಗೆ ತಿರುಗಿಸಿ ಚಪ್ಪಟೆ ಮಾಡಿಕೊಳ್ಳಿ, ಕನ್ನಡಕ ತೆಗೆಯಬೇಕಿಲ್ಲ.

ಹಕ್ಕಿ ಕಂಡಾಗ ಕತ್ತು ಬಗ್ಗಿಸಿ ಬೈನಾಕ್ಯುಲರ್ ಹುಡುಕಬೇಡಿ. ನೋಟ ಹಕ್ಕಿಯ ಮೇಲೇ ಇರಲಿ, ಕೈ ತಾನಾಗಿ ಮೇಲೆ ಬರಲಿ. ವಾರ ಹತ್ತು ದಿನ ಕಾಗೆಯ ಮೇಲೆ ಅಭ್ಯಾಸ ಮಾಡಿದರೆ ಬಂದುಬಿಡುತ್ತದೆ.

ಒಂದು ದಿನದ ದಾರಿಗಳು

ನಮ್ಮ ಮೈಸೂರು ಕಡೆಯವರಿಗೆ ಈ ವಿಷಯದಲ್ಲಿ ಪುಣ್ಯ ಜಾಸ್ತಿ. ರಂಗನತಿಟ್ಟು ಹತ್ತಿರದಲ್ಲೇ ಇದೆ. ಪಕ್ಷಿತಜ್ಞ ಸಲೀಂ ಅಲಿ ಒತ್ತಾಯ ಮಾಡಿದ ಮೇಲೆ ಮೈಸೂರು ಸಂಸ್ಥಾನ 1940ರಲ್ಲಿ ಅದನ್ನು ಪಕ್ಷಿಧಾಮ ಮಾಡಿತು. 2022ರಲ್ಲಿ ರಾಮ್ಸರ್ ಪಟ್ಟಿಗೂ, ಅಂದರೆ ಜಗತ್ತಿನ ಮುಖ್ಯ ಜೌಗುಪ್ರದೇಶಗಳ ಪಟ್ಟಿಗೂ ಸೇರಿತು. ಭಾನುವಾರ ಹೋಗಬೇಡಿ. ವಾರದ ನಡುವೆ, ಬಾಗಿಲು ತೆರೆಯುವ ಹೊತ್ತಿಗೆ ಹೋಗಿ ಮೊದಲ ದೋಣಿ ಹತ್ತಿ. ಬಂಡೆಗಳ ಮೇಲೆ ರೀವ ಹಕ್ಕಿ, ದಪ್ಪ ಕಣ್ಣಿನ ಬಂಡೆಗೊರವ, ಪಕ್ಕದಲ್ಲೇ ಬಾಯಿ ತೆರೆದು ಮಲಗಿದ ಮೊಸಳೆ. ಫೆಬ್ರುವರಿ, ಮಾರ್ಚಿನಲ್ಲಿ ಬಣ್ಣದ ಕೊಕ್ಕರೆಯ ಗೂಡು ತುಂಬಿರುತ್ತದೆ. ಮಳೆಗಾಲದಲ್ಲಿ ಕನ್ನಂಬಾಡಿಯಿಂದ ನೀರು ಬಿಟ್ಟರೆ ದೋಣಿ ನಿಲ್ಲಿಸುತ್ತಾರೆ, ವಿಚಾರಿಸಿ ಹೊರಡಿ.

ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರನ್ನು ಮಾತ್ರ ಬಿಡಬೇಡಿ. ಅಲ್ಲಿ ಬೇಲಿ ಇಲ್ಲ, ದೋಣಿ ಇಲ್ಲ. ಮನೆ ಮುಂದಿನ ಹುಣಸೆ ಮರದಲ್ಲಿ ಹೆಜ್ಜಾರ್ಲೆ ಗೂಡು, ಅದರ ಕೆಳಗೇ ಎಮ್ಮೆ ಕಟ್ಟಿರುತ್ತಾರೆ. ಹಕ್ಕಿ ಬಂದರೆ ಊರಿಗೆ ಒಳ್ಳೆಯದು ಅನ್ನುವ ನಂಬಿಕೆ ಅವರದು. ಹೆಣ್ಣುಮಕ್ಕಳು ತವರಿಗೆ ಬಾಣಂತನಕ್ಕೆ ಬಂದ ಹಾಗೆ ಈ ಹಕ್ಕಿಗಳು ಅಂತ ಅಲ್ಲಿನ ಅಜ್ಜಿಯೊಬ್ಬರು ನನಗೆ ಹೇಳಿದರು. ಅಲ್ಲಿ ನಿಂತಾಗ ನೀವು ಅವರ ಅಂಗಳದಲ್ಲಿ ನಿಂತಿರುತ್ತೀರಿ. ಕೇಳಿ ಒಳಗೆ ಹೋಗಿ, ಗದ್ದಲ ಮಾಡಬೇಡಿ.

ನಂಜನಗೂಡಿನ ಕಡೆ ಹದಿನಾರು ಅನ್ನುವ ಊರಿನ ಕೆರೆಗೆ ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತು ಬರುತ್ತದೆ. ಹಿಮಾಲಯ ದಾಟಿ ಬರುವ ಹಕ್ಕಿ. ಕೆಲವುಕ್ಕೆ ಮಂಗೋಲಿಯಾದಲ್ಲಿ ಕೊರಳಪಟ್ಟಿ ಹಾಕಿರುತ್ತಾರೆ. ಅಂಥದ್ದು ಕಂಡರೆ ಪಟ್ಟಿಯ ಬಣ್ಣ, ಅದರ ಮೇಲಿನ ಅಕ್ಷರ, ಅಂಕಿ ಬರೆದುಕೊಂಡು ಇಬರ್ಡಿನ ಟಿಪ್ಪಣಿಯಲ್ಲಿ ಹಾಕಿ. ಗದಗದ ಕಡೆಯವರಿಗೆ ಮಾಗಡಿ ಕೆರೆ ಇದೆ, ಇದೇ ಹೆಬ್ಬಾತಿಗೆ ಹೆಸರಾದದ್ದು. ಶಿವಮೊಗ್ಗದವರಿಗೆ ಮಂಡಗದ್ದೆ, ಸೊರಬದವರಿಗೆ ಗುಡವಿ. ಮಂಗಟ್ಟೆ ಹಕ್ಕಿ ನೋಡಬೇಕಾದರೆ ದಾಂಡೇಲಿ.

ಮಡಿವಾಳನ ವಿಷಯ

ಇದನ್ನು ಹೇಳಲು ನನಗೆ ಈಗಲೂ ಕಷ್ಟವಾಗುತ್ತದೆ. ಶುರುವಿನ ದಿನಗಳಲ್ಲಿ, ಒಂದು ಮಾರ್ಚ್ ತಿಂಗಳು, ಹಿತ್ತಲ ನುಗ್ಗೆ ಮರದಲ್ಲಿ ಮಡಿವಾಳ ಹಕ್ಕಿ ಹಾಡುತ್ತಿತ್ತು. ಗಂಡು ಹಕ್ಕಿ, ಕಪ್ಪು ಬಿಳುಪು. ಸಿಳ್ಳೆ ಕೇಳಲು ಎಷ್ಟು ಚಂದ ಅಂದರೆ, ಇನ್ನೂ ಹತ್ತಿರ ಬರಲಿ ಅಂತ ನಾನು ಫೋನಿನಲ್ಲಿ ಅದರದೇ ಹಾಡು ಹಾಕಿದೆ. ಬಂತು. ಕಿಟಕಿ ಸರಳಿನ ಮೇಲೆ ಕೂತಿತು. ಬಾಲ ಎತ್ತಿ, ಎದೆ ಉಬ್ಬಿಸಿ, ಫೋನನ್ನೇ ನೋಡುತ್ತ ಹಾಡಿತು. ನಾನು ಮತ್ತೆ ಹಾಕಿದೆ. ಮಾರನೆಯ ದಿನವೂ ಹಾಕಿದೆ. ಮೂರನೆಯ ದಿನ ನಾನು ಹಾಕದಿದ್ದರೂ ಅದು ಕಿಟಕಿ ಬಿಟ್ಟು ಹೋಗಲಿಲ್ಲ. ಬೆಳಿಗ್ಗೆಯಿಂದ ಗಾಜಿಗೆ ಬಡಿದುಕೊಳ್ಳುತ್ತಿತ್ತು. ಅದರ ಗೂಡು ಕಾಂಪೌಂಡಿನ ಗೋಡೆ ತೂತಿನಲ್ಲಿತ್ತು, ಮರಿಗಳಿದ್ದವು. ಹೆಣ್ಣು ಹಕ್ಕಿಯೊಂದೇ ಅವಕ್ಕೆ ಹುಳ ತರುತ್ತಿತ್ತು. ತನ್ನ ಜಾಗಕ್ಕೆ ಇನ್ನೊಬ್ಬ ಗಂಡು ಬಂದಿದ್ದಾನೆ ಅಂತ ಅದು ಇಡೀ ದಿನ ಇಲ್ಲದ ಶತ್ರುವಿನ ಜೊತೆ ಜಗಳಕ್ಕೆ ನಿಂತಿತ್ತು. ಕಿಟಕಿಗೆ ಹೊರಗಿನಿಂದ ಹಳೇ ಪೇಪರು ಅಂಟಿಸಿದೆ. ಎರಡು ದಿನದ ಮೇಲೆ ಸರಿಹೋಯಿತು.

ಅವತ್ತಿನಿಂದ ಯಾವ ಹಕ್ಕಿಗೂ ಕೂಗು ಹಾಕಿಲ್ಲ. ಯಾವ ಗೈಡ್ ಹಾಕಲು ಹೊರಟರೂ "ಬೇಡ, ಕಾಣದಿದ್ದರೂ ಪರವಾಗಿಲ್ಲ" ಅನ್ನುತ್ತೇನೆ. ನೀವೂ ಅನ್ನಿ. ಗೂಡಿನ ಫೋಟೊ ಬೇಡ, ಅಡ್ಡ ಬರುವ ಕೊಂಬೆ ಮುರಿಯುವುದು ಬೇಡ. ಗೂಬೆ ಕೂತ ಮರವನ್ನು ವಾಟ್ಸಾಪ್ ಗುಂಪಿನಲ್ಲಿ ಹಾಕುವುದಂತೂ ಬೇಡವೇ ಬೇಡ.

ಹೊರದೇಶ: ಮೊದಲು ಪಕ್ಕದ ಮನೆ

ಮೊದಲ ಹೊರದೇಶ ಶ್ರೀಲಂಕಾ ಆಗಲಿ ಅನ್ನುವುದು ನನ್ನ ಬಲವಾದ ಅಭಿಪ್ರಾಯ. ಬೆಂಗಳೂರಿನಿಂದ ಕೊಲಂಬೊಗೆ ಒಂದೂವರೆ ಗಂಟೆ ವಿಮಾನ. ಗಡಿಯಾರ ಬದಲಿಸಬೇಕಿಲ್ಲ. ದೊಡ್ಡ ಕಾರಣ ಬೇರೆ ಇದೆ. ಅಲ್ಲಿ ಕಾಣುವ ಹಕ್ಕಿಗಳಲ್ಲಿ ಬಹುಪಾಲು ನಿಮಗೆ ಆಗಲೇ ಗೊತ್ತು. ಗೊರವಂಕ, ಪಿಕಳಾರ, ಮಡಿವಾಳ, ಗರುಡ, ಬೆಳ್ಳಕ್ಕಿ, ಎಲ್ಲ ನಮ್ಮವೇ. ಆಗ ಕಣ್ಣು ಕಿವಿ ಎರಡೂ ಹೊಸದರ ಕಡೆಗೇ ಹೋಗುತ್ತವೆ. ಜಗತ್ತಿನಲ್ಲಿ ಬೇರೆಲ್ಲೂ ಇಲ್ಲದ ಮೂವತ್ತಕ್ಕೂ ಹೆಚ್ಚು ಜಾತಿ ಆ ಸಣ್ಣ ದ್ವೀಪದಲ್ಲಿವೆ. ಕೆರೆಯ ಐವತ್ತು ಹಕ್ಕಿಯನ್ನು ಚೆನ್ನಾಗಿ ಕಲಿಯಿರಿ ಅಂತ ಮೊದಲೇ ಹೇಳಿದ್ದು ಇದಕ್ಕೇ. ಅದು ಬರದೆ ಹೋದವರಿಗೆ ಎಲ್ಲವೂ ಹೊಸದು, ಆದ್ದರಿಂದ ಯಾವುದೂ ನೆನಪಿನಲ್ಲಿ ನಿಲ್ಲುವುದಿಲ್ಲ.

ಹೋಗುವ ತಿಂಗಳು ಜನವರಿಯಿಂದ ಮಾರ್ಚ್. ನೈಋತ್ಯದ ಕಾಡಿನಲ್ಲಿ ಮಳೆ ಕಡಿಮೆ, ಉತ್ತರದಿಂದ ಬಂದ ವಲಸೆ ಹಕ್ಕಿಗಳೂ ಇರುತ್ತವೆ. ನಾವು ಮೂವರು ಗೆಳತಿಯರು ಫೆಬ್ರುವರಿಯಲ್ಲಿ ಹೋಗಿದ್ದೆವು. ಒಬ್ಬ ಟೂರ್ ಏಜೆಂಟ್ ಮೊದಲು ಕೊಟ್ಟ ಪ್ಲಾನಿನಲ್ಲಿ ಐದು ದಿನಕ್ಕೆ ಆರು ಊರು. ಲೆಕ್ಕ ಹಾಕಿದೆ. ಬೆಳಗಿನ ಆರರಿಂದ ಒಂಬತ್ತು, ಅಂದರೆ ಹಕ್ಕಿಯ ಹೊತ್ತು, ಐದರಲ್ಲಿ ನಾಲ್ಕು ದಿನ ವ್ಯಾನಿನಲ್ಲೇ ಕಳೆಯುತ್ತಿತ್ತು. ಬೇಡ ಅಂದು ನಾವೇ ಎರಡು ಜಾಗ ಇಟ್ಟುಕೊಂಡೆವು. ಸಿಂಹರಾಜ ಕಾಡಿನ ಅಂಚಿನ ಕುಡಾವದಲ್ಲಿ ಮೂರು ರಾತ್ರಿ, ನುವಾರ ಎಲಿಯದಲ್ಲಿ ಎರಡು. ನೀವೂ ಹಾಗೇ ಮಾಡಿ. ಜಾಗ ಕಡಿಮೆ, ಬೆಳಿಗ್ಗೆ ಜಾಸ್ತಿ.

ಹೊರಡುವ ಮೊದಲು ಮಾಡಬೇಕಾದ ತಯಾರಿ: ಇಬರ್ಡಿನಲ್ಲಿ ಆ ಜಾಗದ ಹೆಸರು ಹಾಕಿದರೆ ಯಾವ ತಿಂಗಳು ಯಾವ ಹಕ್ಕಿ ಎಷ್ಟು ಸಲ ಕಂಡಿದೆ ಅನ್ನುವ ಪಟ್ಟೆ ಚಿತ್ರ ಬರುತ್ತದೆ. ದಪ್ಪ ಪಟ್ಟೆ ಇರುವ ನಲವತ್ತು ಹಕ್ಕಿ ಆರಿಸಿ, ಕೂಗಿನ ಸಮೇತ ಒಂದು ತಿಂಗಳು ಕಲಿಯಿರಿ. ನಾನು ಸಾರು ಕುದಿಯುವಾಗ ಒಲೆ ಮುಂದೆ ನಿಂತು ಕೇಳುತ್ತಿದ್ದೆ. ಮರ್ಲಿನ್ನಿನಲ್ಲಿ ಶ್ರೀಲಂಕಾದ ಪ್ಯಾಕ್ ಮನೆಯಲ್ಲೇ ಡೌನ್‌ಲೋಡ್ ಮಾಡಿಕೊಳ್ಳಿ, ಕಾಡಿನಲ್ಲಿ ನೆಟ್‌ವರ್ಕ್ ನಂಬಬೇಡಿ. ವೀಸಾ ನಿಯಮ ಆಗಾಗ ಬದಲಾಗುತ್ತದೆ, ಸರ್ಕಾರದ ತಾಣದಲ್ಲೇ ನೋಡಿ. ಬೈನಾಕ್ಯುಲರ್ ಕೈಚೀಲದಲ್ಲಿರಲಿ, ಲಗೇಜಿಗೆ ಹಾಕಬೇಡಿ. ದುಬಾರಿ ಕ್ಯಾಮೆರಾ, ಲೆನ್ಸ್ ಒಯ್ಯುವವರು ಹೋಗುವಾಗಲೇ ವಿಮಾನ ನಿಲ್ದಾಣದ ಕಸ್ಟಮ್ಸ್‌ನಲ್ಲಿ ಎಕ್ಸ್‌ಪೋರ್ಟ್ ಸರ್ಟಿಫಿಕೇಟ್ ಮಾಡಿಸಿಕೊಳ್ಳಿ. ವಾಪಸ್ಸು ಬರುವಾಗ ಹೊರಗೆ ಕೊಂಡದ್ದಲ್ಲ ಅಂತ ತೋರಿಸಲು ಅದು ಬೇಕಾಗುತ್ತದೆ. ಬರುವಾಗ ಒಂದು ಗರಿಯನ್ನೂ ತರಬೇಡಿ. ನೆಲದಲ್ಲಿ ಬಿದ್ದದ್ದೂ ಅಲ್ಲೇ ಇರಲಿ.

ಸಿಂಹರಾಜ ಮಳೆಕಾಡು. 1988ರಿಂದ ವಿಶ್ವ ಪರಂಪರೆಯ ತಾಣ. ಗೈಡ್ ಇಲ್ಲದೆ ಒಳಗೆ ಬಿಡುವುದಿಲ್ಲ, ಅದು ಒಳ್ಳೆಯದೇ. ಇಂಬಳ, ಅಂದರೆ ಕಾಡಿನ ಜಿಗಣೆ, ಧಾರಾಳ. ಮೊಣಕಾಲವರೆಗಿನ ಇಂಬಳದ ಸಾಕ್ಸ್ ಅಲ್ಲೇ ಸಿಗುತ್ತದೆ. ಜೊತೆಗಿದ್ದ ತೀರ್ಥಹಳ್ಳಿಯ ಗೆಳತಿ ಹೊಗೆಸೊಪ್ಪು ಸುಣ್ಣದ ನೀರಿನಲ್ಲಿ ನೆನೆಸಿದ ಬಟ್ಟೆಯನ್ನು ಕಾಲಿಗೆ ಸುತ್ತಿಕೊಂಡಳು. ಅವಳಿಗೆ ಒಂದೂ ಹತ್ತಲಿಲ್ಲ.

ಮೊದಲ ದಿನ ಒಂದು ಗಂಟೆ ನಡೆದರೂ ಏನೂ ಇಲ್ಲ. ಮಳೆಕಾಡಿನಲ್ಲಿ ಹೀಗೇ, ಗಾಬರಿಯಾಗಬೇಡಿ. ಹಕ್ಕಿಗಳು ಅಲ್ಲಿ ಹತ್ತಾರು ಜಾತಿ ಒಟ್ಟುಗೂಡಿ ಮೆರವಣಿಗೆ ಹೊರಟ ಹಾಗೆ ಸಾಗುತ್ತವೆ. ಆ ಗುಂಪು ಬರುವವರೆಗೆ ಕಾಡು ಖಾಲಿ. ಇದ್ದಕ್ಕಿದ್ದಂತೆ ಎಡಗಡೆ ಇಳಿಜಾರಿನಿಂದ ಲೋಹದ ತಂತಿ ಮೀಟಿದಂಥ ಒಂದು ಸದ್ದು. ನಾನು ನಿಂತೆ. ಗೈಡ್ ಹುಡುಗನೂ ಅದೇ ಕ್ಷಣ ಬೆರಳೆತ್ತಿದ. ಕಾಜಾಣ! ನಮ್ಮ ಏರಿಯ ಮೇಲಿನ ಕಾಜಾಣವಲ್ಲ, ಜುಟ್ಟಿರುವ ಅಲ್ಲಿಯದು. ಆದರೆ ಆ ದನಿಯ ಮನೆತನ ನನ್ನ ಕಿವಿಗೆ ಗೊತ್ತಿತ್ತು. ಅರೆ ನಿಮಿಷದಲ್ಲಿ ಕಿತ್ತಳೆ ಕೊಕ್ಕಿನ ಹರಟೆಮಲ್ಲಗಳು ವಟಗುಟ್ಟುತ್ತ ಬಂದವು. ಎಲೆ ಮಗುಚಿ, ತೊಗಟೆ ಕೆದಕಿ ಹುಳ ಎಬ್ಬಿಸುವುದು ಅವುಗಳ ಕೆಲಸ. ಎದ್ದು ಹಾರಿದ್ದನ್ನು ಕಾಜಾಣ ಗಾಳಿಯಲ್ಲೇ ಹಿಡಿಯುತ್ತದೆ. ಹದ್ದು ಬಂದರೆ ಮೊದಲು ಕೂಗುವುದೂ ಅದೇ. ಆ ಕಾವಲಿನ ಭರವಸೆಗೆ ಉಳಿದವು ಹಿಂಬಾಲಿಸುತ್ತವೆ. ಮೇಲಿನ ಕೊಂಬೆಯಲ್ಲಿ ಕೆಂಪು ಮುಖದ ಮಲ್ಕೋಹ ಅಳಿಲಿನ ಹಾಗೆ ಓಡಿತು. ಸಿಂಹಳದಲ್ಲಿ 'ಮಲ್' ಅಂದರೆ ಹೂವು, 'ಕೊಹಾ' ಅಂದರೆ ಕೋಗಿಲೆ ಅಂತ ಗೈಡ್ ಪಿಸುಗುಟ್ಟಿದ. ಆಮೇಲೆ ಕಡು ನೀಲಿ ಮೈ, ಕಂದು ತಲೆ, ಕೆಂಪು ಕೊಕ್ಕು. ನೀಲಿ ಮಟಪಕ್ಷಿ, ಎರಡು. ಏಳೆಂಟು ನಿಮಿಷದಲ್ಲಿ ಇಡೀ ದಂಡು ದಾಟಿ ಹೋಯಿತು. ಮೂವರಲ್ಲಿ ಯಾರೂ ಮಾತಾಡಲಿಲ್ಲ.

ಇಂಥ ಗುಂಪು ಬಂದಾಗ ಏನು ಮಾಡಬೇಕು? ಅಟ್ಟಿಸಿಕೊಂಡು ಹೋಗಬಾರದು. ನಿಂತಲ್ಲೇ ನಿಲ್ಲಿ. ಒಬ್ಬರು ಮೇಲೆ, ಒಬ್ಬರು ನಡುವೆ, ಒಬ್ಬರು ನೆಲ ಅಂತ ಹಂಚಿಕೊಳ್ಳಿ. ಕಂಡದ್ದನ್ನು ಮೆಲ್ಲಗೆ ಹೇಳಿ, ಆಮೇಲೆ ಬರೆಯಿರಿ. ಮಳೆ ಬಂದರೆ ಬೈನಾಕ್ಯುಲರನ್ನು ಸಿಲಿಕಾ ಜೆಲ್ ಹಾಕಿದ ಜಿಪ್ ಕವರಿಗೆ ಸೇರಿಸಿ. ತೇವ ಕೂತರೆ ಗಾಜಿಗೆ ಬೂಷ್ಟು ಹಿಡಿಯುತ್ತದೆ. ಇದು ನಮ್ಮ ಮಲೆನಾಡಿಗೂ ಅನ್ವಯ.

ಸಿಂಗಾಪುರದ ಕಥೆ ಬೇರೆ. ಅಲ್ಲಿಗೆ ಹೋದದ್ದು ಮಗಳ ಮನೆಗೆ, ಹಕ್ಕಿಗೆ ಅಂತಲ್ಲ. ನಮ್ಮ ಯಜಮಾನರಿಗೆ ಹಕ್ಕಿಯ ಆಸಕ್ತಿ ಇಲ್ಲ. ಮನೆಯವರ ಜೊತೆ ಹೋದಾಗ ನಾನು ಪಾಲಿಸುವ ನಿಯಮ ಒಂದೇ: ಬೆಳಿಗ್ಗೆ ನನ್ನದು, ತಿಂಡಿಯಿಂದ ಆಚೆಗೆ ಅವರದು. ಯಾರಿಗೂ ಬೇಸರವಿಲ್ಲ. ಅಲ್ಲಿ ಬೆಳಕು ಹರಿಯುವುದೇ ಏಳರ ಹೊತ್ತಿಗೆ, ಐದಕ್ಕೆ ಏಳಬೇಕಿಲ್ಲ. ಬೊಟಾನಿಕ್ ಗಾರ್ಡನ್ಸ್ ಒಂದು ಬೆಳಿಗ್ಗೆ, ಸುಂಗೇ ಬೂಲೋ ಜೌಗುಪ್ರದೇಶ ಇನ್ನೊಂದು ಬೆಳಿಗ್ಗೆ. ಸುಂಗೇ ಬೂಲೋಗೆ ಸೆಪ್ಟೆಂಬರಿನಿಂದ ಮಾರ್ಚಿನೊಳಗೆ ಹೋದರೆ ವಲಸೆಯ ಗೊರವಗಳು ಸಿಗುತ್ತವೆ. ಉಬ್ಬರ ಇಳಿತದ ಹೊತ್ತು ನೋಡಿಕೊಂಡು ಹೋಗಿ. ಉಬ್ಬರ ಇದ್ದಾಗ ಕೆಸರು ಮುಚ್ಚಿ, ಹಕ್ಕಿಗಳು ಒಂದೆಡೆ ಒತ್ತೊತ್ತಾಗಿ ಕೂತಿರುತ್ತವೆ. ಅಲ್ಲಿ ಕಾಡುಹಕ್ಕಿಗೆ ಕಾಳು ಹಾಕಿದರೆ ದಂಡ, ನೆನಪಿರಲಿ.

ಅಲ್ಲಿ ನನ್ನನ್ನು ತುಂಬ ಯೋಚನೆಗೆ ಹಚ್ಚಿದ್ದು ನಮ್ಮ ಊರಿನ ಹಕ್ಕಿಗಳೇ. ನಮ್ಮ ಮನೆ ಕಾಗೆ ಅಲ್ಲಿ ಹೊರಗಿನಿಂದ ಬಂದದ್ದು, ಜಾಸ್ತಿಯಾಯಿತು ಅಂತ ಅದನ್ನು ಕಡಿಮೆ ಮಾಡುತ್ತಾರೆ. ರಂಗನತಿಟ್ಟಿನಲ್ಲಿ ನಾವು ಕಣ್ಣು ತುಂಬಿಕೊಳ್ಳುವ ಬಣ್ಣದ ಕೊಕ್ಕರೆಯೂ ಅಲ್ಲಿಯದಲ್ಲ. ಮೃಗಾಲಯದಲ್ಲಿ ಬಿಡುಬೀಸಾಗಿ ಬಿಟ್ಟ ಹಕ್ಕಿಗಳಿಂದ ಬಂದದ್ದು. ಅಪರೂಪವಾಗುತ್ತಿರುವ ಆಗ್ನೇಯ ಏಷ್ಯಾದ ಹಾಲುಬಣ್ಣದ ಕೊಕ್ಕರೆಯ ಜೊತೆ ಬೆರೆತು ಮರಿ ಮಾಡುತ್ತಿದೆ ಅನ್ನುವುದು ಅಲ್ಲಿನವರ ಚಿಂತೆ. ಅದೇ ಹಕ್ಕಿ, ಬಾಲದ ಮೇಲೆ ಅದೇ ಗುಲಾಬಿ ಗರಿ. ಹೊರದೇಶದಲ್ಲಿ ಪರಿಚಿತ ಹಕ್ಕಿ ಕಂಡರೆ "ಇದು ಗೊತ್ತು" ಅಂತ ಮುಂದೆ ಹೋಗಬೇಡಿ, ಅದು ಅಲ್ಲಿಗೆ ಹೇಗೆ ಬಂತು ಅಂತ ಕೇಳಿ.

ನವರಂಗ ಸಿಕ್ಕಿದರೆ

ನುವಾರ ಎಲಿಯದ ವಿಕ್ಟೋರಿಯಾ ಪಾರ್ಕ್ ಊರ ನಡುವಿನ ಸಣ್ಣ ಉದ್ಯಾನ. ಮಕ್ಕಳು ಆಡುತ್ತಿರುತ್ತಾರೆ, ಐಸ್‌ಕ್ರೀಮ್ ಗಾಡಿ ಇರುತ್ತದೆ. ಅಲ್ಲಿನ ಚರಂಡಿ ಪಕ್ಕದ ಪೊದೆಗಳಲ್ಲಿ ಕಾಶ್ಮೀರದ ನೊಣಹಿಡುಕ ಚಳಿಗಾಲ ಕಳೆಯುತ್ತದೆ. ಅದನ್ನು ಕಾಯುತ್ತ ಕೂತಿದ್ದಾಗ ನೆಲದ ಎಲೆಗಳ ಮೇಲೆ ನವರಂಗ ಕುಪ್ಪಳಿಸುತ್ತ ಬಂತು. ಹಸಿರು ಬೆನ್ನು, ಕಣ್ಣಿಗೆ ಕಪ್ಪು ಪಟ್ಟಿ, ಬಾಲದಡಿ ಕುಂಕುಮ. ತಮಿಳಿನಲ್ಲಿ ಇದಕ್ಕೆ ಆರು ಗಂಟೆ ಹಕ್ಕಿ ಅಂತ ಹೆಸರು. ಬೆಳಿಗ್ಗೆ ಆರಕ್ಕೆ, ಸಂಜೆ ಆರಕ್ಕೆ ಕೂಗುತ್ತದೆ. ಹಿಮಾಲಯದ ತಪ್ಪಲಿನಿಂದ ರಾತ್ರಿ ಹೊತ್ತು ಹಾರಿ ನಮ್ಮ ದಕ್ಷಿಣಕ್ಕೂ ಲಂಕೆಗೂ ಬರುವ ಹಕ್ಕಿ.

ಅದೇ ವರ್ಷ ಅಕ್ಟೋಬರಿನಲ್ಲಿ ಪಕ್ಕದ ಬೀದಿಯ ಹುಡುಗ ಓಡಿ ಬಂದ. "ಆಂಟಿ, ಬಣ್ಣಬಣ್ಣದ ಹಕ್ಕಿ ಬಿದ್ದಿದೆ." ಕಾರಿನ ಕೆಳಗೆ ನವರಂಗ ಮುದುಡಿ ಕೂತಿತ್ತು. ಆ ತಿಂಗಳಲ್ಲಿ ಹೀಗೆ ಸುಸ್ತಾಗಿ, ಇಲ್ಲವೇ ಕಿಟಕಿ ಗಾಜಿಗೆ ಬಡಿದು ಊರೊಳಗೆ ಬೀಳುವುದುಂಟು. ಸಿಕ್ಕಿದರೆ ಹೀಗೆ ಮಾಡಿ. ಮೆತ್ತನೆ ಬಟ್ಟೆ ಹಾಕಿ ಎತ್ತಿಕೊಳ್ಳಿ. ಗಾಳಿಗೆ ತೂತು ಮಾಡಿದ ರಟ್ಟಿನ ಡಬ್ಬಿಯಲ್ಲಿಟ್ಟು ಮುಚ್ಚಿ, ಸದ್ದಿಲ್ಲದ ಕೋಣೆಯಲ್ಲಿ ಇಡಿ. ಬಾಯಿಗೆ ನೀರು ಬಿಡಬೇಡಿ, ಉಸಿರು ಕಟ್ಟುತ್ತದೆ. ಅನ್ನ, ಬಿಸ್ಕತ್ತು ಬೇಡ. ಪದೇ ಪದೇ ತೆರೆದು ನೋಡಬೇಡಿ, ಫೋಟೊ ಬೇಡ. ರೆಕ್ಕೆ ಜೋತು ಬಿದ್ದಿದ್ದರೆ, ರಕ್ತ ಕಂಡರೆ ಅರಣ್ಯ ಇಲಾಖೆಗೆ ಅಥವಾ ಹಕ್ಕಿ ನೋಡುವ ಪಶುವೈದ್ಯರಿಗೆ ತಿಳಿಸಿ. ಬರೀ ಸುಸ್ತಾದರೆ ಒಂದೆರಡು ಗಂಟೆಯಲ್ಲಿ ಡಬ್ಬಿಯೊಳಗೆ ಓಡಾಡುವ ಸದ್ದು ಬರುತ್ತದೆ.

ನಮ್ಮದಕ್ಕೆ ಮೂರು ಗಂಟೆ ಹಿಡಿಯಿತು. ಹುಡುಗನೇ ಡಬ್ಬಿ ಹೊತ್ತುಕೊಂಡ. ಕೆರೆಯ ಹಿಂಬದಿಯ ಪೊದೆಗಳ ಹತ್ತಿರ, ಎಲೆ ಉದುರಿದ ನೆಲದ ಮೇಲೆ ಡಬ್ಬಿ ಅಡ್ಡ ಮಲಗಿಸಿ ಮುಚ್ಚಳ ತೆಗೆದು ದೂರ ನಿಂತೆವು. ಅದು ಹೊರಗೆ ಬಂದು ಎರಡು ಸಲ ಕುಪ್ಪಳಿಸಿ ನೆರಳಿಗೆ ಹೋಯಿತು. ಐದು ಗಂಟೆ ಐವತ್ತು ನಿಮಿಷ. ಹುಡುಗ "ಹೋಗೋಣ್ವಾ ಆಂಟಿ" ಅಂದ. ಇನ್ನೊಂದು ಹತ್ತು ನಿಮಿಷ ಇರೋಣ ಅಂದೆ.